ಕತ್ತಿನ ಹಿಂದಿನ ಸುಳಿ

ಮಲಾಯಾ ದೇಶ, ಪೆರಾಕ್ ಸೀಮೆ,
ಕಾಡಂಚಿನ ರಬ್ಬರು ತೋಟ,
16 ನವೆಂಬರ್ 1947, ಭಾನುವಾರ

ಪ್ರೀತಿಯ ತಂಗಿ ಜಡೆಮ್ಮನಿಗೆ, ಸಮುದ್ರದ ಈ ದಂಡೆಯಿಂದ ನಿನ್ನ ಅಣ್ಣ ಉಚ್ಚೆಂಗೆಪ್ಪ ತಲೆ ಸವರಿ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಮೊಣಕಾಲಿನ ಸುದ್ದಿ ಬರೆಸು. ಎಕ್ಕದ ಎಲೆಗೆ ಔಡಲೆಣ್ಣೆ ಸವರಿ, ಕೆಂಡದ ಮೇಲೆ ಹಿಡಿದು ಕಟ್ಟಿಕೋ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಕಟ್ಟಿಕೊಂಡೆಯೋ, ಇಲ್ಲಾ ‘ಯಣ್ಣ ಅಲ್ಲಿ ಕುಂತು ಹೇಳತಾನ, ಅವನಿಗೇನು’ ಎಂದು ಸುಮ್ಮನಾದೆಯೋ? ನಿನ್ನ ಯಜಮಾನ ಗಾಳೆಪ್ಪನವರ ಕೆಮ್ಮು ಹೇಗಿದೆ? ಬಳ್ಳಾರಿ ದವಾಖಾನೆಗೆ ಹೋಗಲು ಅವರಿಗೆ ಭಯವಾದರೆ, ಎತ್ತು ನೋಡಲು ಹೋಗೋಣ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗು. ಹೊಳೆಯಾಚೆ ನಿಜಾಮರ ಸೀಮೆಯಲ್ಲಿ ಗದ್ದಲ ಹೆಚ್ಚಾಗಿದೆ ಎಂದು ಇಲ್ಲಿಯ ತಮಿಳು ಪತ್ರಿಕೆ ಓದಿದವರು ಹೇಳುತ್ತಾರೆ. ಸಿರುಗುಪ್ಪದ ಕಡೆಯವರು ಹುಷಾರಾಗಿದ್ದಾರೆಯೇ? ಹಿಂಗಾರಿ ಜೋಳ ಈಗ ಮೊಣಕಾಲೆತ್ತರ ಬಂದಿರಬೇಕು. ಎರೆ ಭೂಮಿ ಬಿರಿಯುವ ಮೊದಲು ಒಮ್ಮೆ ಎಡೆಕುಂಟೆ ಹೊಡೆಸಿರಿ. ನಾವಿಬ್ಬರೂ ಕ್ಷೇಮ. ಇಲ್ಲಿ ದಿನವೂ ಮಧ್ಯಾಹ್ನ ಮಳೆ ಬೀಳುತ್ತದೆ, ಒಗೆದ ಪಂಚೆ ಮೂರು ದಿನವಾದರೂ ಒಣಗುವುದಿಲ್ಲ. ನಿನ್ನ ಅತ್ತಿಗೆ ಎಲ್ಲಮ್ಮ ದಪ್ಪಗಾಗಿದ್ದಾಳೆ. ಇದನ್ನು ಬರೆಯಬೇಡಿರಿ ಎಂದಳು, ಆದರೂ ಬರೆದಿದ್ದೇನೆ.

ನಿನ್ನ ಕಾಗದ ದೀಪಾವಳಿಯ ಹಿಂದಿನ ದಿನ ಕೈಸೇರಿತು. ಜಂಬವ್ವನ ಅಕ್ಷರ ಈಗ ಎಷ್ಟು ದುಂಡಗಾಗಿದೆ! ನಾನು ಊರು ಬಿಟ್ಟಾಗ ಒಂಬತ್ತು ವರ್ಷದವಳು, ಪಾಟಿಯ ಮೇಲೆ ‘ಕ’ ಬರೆದರೆ ಬಾತುಕೋಳಿ ಕಂಡಂತಾಗುತ್ತಿತ್ತು. ಈಗ ಹತ್ತೊಂಬತ್ತರ ಹುಡುಗಿ, ತಾಯಿ ಹೇಳಿದ್ದನ್ನು ಒಂದೂ ತಪ್ಪಿಲ್ಲದೆ ಬರೆದಿದ್ದಾಳೆ. ಅದೇ ದುಂಡು ಅಕ್ಷರದಲ್ಲಿ, ‘ಕೊಳಗಲ್ಲಿನವರೂ ಹಿಂದಕ್ಕೆ ಸರಿದರು, ಹುಡುಗಿಯ ಕತ್ತಿನ ಹಿಂದೆ ಸುಳಿ ಐತಂತಲ್ಲ, ಸೋದರಮಾವನೇ ಹೇಳಿದ್ದಾನಂತಲ್ಲ ಎಂದರು’ ಎಂದೂ ಬರೆದಿದ್ದಾಳೆ. ಇದು ಮೂರನೆಯ ಸಂಬಂಧ. ತನಗೆ ಬಂದ ಗಂಡು ಬೇಡವೆಂದು ಹೋದದ್ದನ್ನು ತನ್ನ ಕೈಯಿಂದಲೇ ಬರೆಯಬೇಕಾದ ಹುಡುಗಿಯ ಮುಖ ಹೇಗಿತ್ತೋ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ‘ಸೋದರಮಾವ’ ಎಂಬ ಮಾತಿನ ಮೇಲೆ ಶಾಯಿ ಸ್ವಲ್ಪ ಹರಡಿತ್ತು. ಈ ಕಾಗದ ಬರೆಯುತ್ತಿರುವುದು ಅದಕ್ಕೆ ಉತ್ತರವಾಗಿಯೇ. ಆದರೆ ನೆಟ್ಟಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಡಿನ ದಾರಿ ಸುತ್ತಿ ಬರುತ್ತೇನೆ, ತಾಳ್ಮೆಯಿಂದ ಕೇಳು.

ಆ ಯುಗಾದಿ ನಿನಗೆ ನೆನಪಿದೆ. ನಿಮ್ಮ ಕುರುಗೋಡಿನ ಮನೆಯ ಅಂಗಳದಲ್ಲಿ ನೀನು ಜಂಬವ್ವನಿಗೆ ಎಣ್ಣೆ ಹಚ್ಚಿ ಕೂದಲು ಬಗೆಯುತ್ತಿದ್ದೆ. ನಾನು ಸಿರುಗುಪ್ಪದ ದನದ ಸಂತೆಯಿಂದ ಬಂದಿದ್ದೆ. ಬೆಳಗಿನಿಂದ ನಲವತ್ತು ಜೋಡಿ ಎತ್ತುಗಳ ಸುಳಿ ನೋಡಿದ ಕೈ ಅದು. ಹಣೆಯ ಸುಳಿ, ಬೆನ್ನ ಸುಳಿ, ಕೊರಳ ಸುಳಿ ಎಂದು ಕೂದಲು ತಿರುಗಿದ ಕಡೆಯಲ್ಲೆಲ್ಲ ಬೆರಳಿಟ್ಟು ಒಳ್ಳೆಯದು ಕೆಟ್ಟದ್ದು ಹೇಳಿ, ‘ಉಚ್ಚೆಂಗೆಪ್ಪ ಬೆರಳಿಟ್ರ ಮುಗೀತು’ ಎನ್ನಿಸಿಕೊಂಡು ಬಂದವನು. ಆ ಅಮಲಿನಲ್ಲೇ ಮಗುವಿನ ಕತ್ತಿನ ಹಿಂದೆ ಬೆರಳಿಟ್ಟೆ. ಕೂದಲು ಕೆಳಮುಖವಾಗಿ ತಿರುಗಿತ್ತು. ‘ಯವ್ವಾ, ಇಂಥಾ ಸುಳಿ ಎತ್ತಿಗಿದ್ರ ಅದರ ಜೋಡಿ ಉಳಿಯಂಗಿಲ್ಲ ನೋಡು’ ಎಂದೆ. ಅಂಗಳದಲ್ಲಿ ಇದ್ದವರು ನಕ್ಕರು. ನಾನೂ ನಕ್ಕೆ. ಹುಡುಗಿ ಮಾತ್ರ ತಿರುಗಿ, ‘ಮಾವ, ನಾನೇನ ಎತ್ತೇನ?’ ಎಂದಳು. ಅದಕ್ಕೂ ನಕ್ಕೆವು. ಆ ನಗೆ ಅಲ್ಲೇ ಮುಗಿಯಿತೆಂದು ನಾನು ಭಾವಿಸಿದ್ದೆ. ಮಾತಿಗೆ ಕಾಲಿರುತ್ತದೆ ಎನ್ನುವುದನ್ನು ಮರೆತಿದ್ದೆ. ಅದು ‘ಆ ಹುಡುಗಿಯ ಗಂಡ ಉಳಿಯುವುದಿಲ್ಲ’ ಎಂದಾಗಿ ಕುರುಗೋಡಿನಿಂದ ಹೊರಟು ಕೊಳಗಲ್ಲಿನವರೆಗೆ ನಡೆದುಹೋಯಿತು.

ಆ ವರ್ಷವೇ ನಾವು ಇಲ್ಲಿಗೆ ಹೊರಟೆವು. ರಬ್ಬರು ಹಾಲಿನ ಗಾಡಿ ಎಳೆಯುವ ಎತ್ತುಗಳನ್ನು ಆರಿಸಿ ಹಡಗಿನಲ್ಲಿ ತಂದು, ಅವುಗಳ ಮೈ ನೋಡಿಕೊಳ್ಳುವವನೊಬ್ಬ ಈ ತೋಟದ ಬಿಳಿ ದೊರೆಗೆ ಬೇಕಾಗಿದ್ದ. ಬಳ್ಳಾರಿ ಸ್ಟೇಷನ್ನಿಗೆ ಹೋಗುವ ಗಾಡಿಯ ಹಿಂದೆ ಜಂಬವ್ವ ಓಡಿಬಂದಳು. ‘ಮಾವ, ಅಲ್ಲಿ ಅಡವ್ಯಾಗ ಏನೇನ ಅದಾವ, ಎಲ್ಲಾ ನೋಡಿ ಚಿತ್ರ ತಗದ ಕಳಸು. ಸುಳ್ಳ ಬರೀಬ್ಯಾಡ’ ಎಂದಳು. ಎತ್ತಿನ ಆಕಾರ ಬರೆದು ಎಲ್ಲೆಲ್ಲಿ ಸುಳಿ ಇದೆಯೆಂದು ಗುರುತು ಹಾಕಿ ಕೊಳ್ಳುವವರಿಗೆ ತೋರಿಸುವುದು ನನಗೆ ರೂಢಿಯಿತ್ತಲ್ಲ, ಅದನ್ನು ನೋಡಿ ಕೇಳಿದಳು. ಹಾಗೆ ಶುರುವಾಯಿತು ಈ ಹುಚ್ಚು. ಗಾಡಿಯ ಬಡಗಿ ಕೊಟ್ಟ ದಪ್ಪ ಪೆನ್ಸಿಲು, ರಬ್ಬರು ಹಾಳೆ ಕಟ್ಟುವ ಕಂದು ಕಾಗದ. ಯುದ್ಧದಲ್ಲಿ ಜಪಾನಿನವರು ಈ ಸೀಮೆ ಹಿಡಿದಿದ್ದ ಕಾಲದಲ್ಲಿ ಕಾಗದವೂ ಸಿಗದೆ ಗಾಡಿಯ ಹಲಗೆಯ ಮೇಲೆ ಇದ್ದಿಲಿನಿಂದ ಬರೆದೆ. ಮಳೆ ಬಂದು ತೊಳೆದರೆ ಮತ್ತೆ ಬರೆದೆ. ಇದುವರೆಗೆ ನಲವತ್ತಕ್ಕೂ ಹೆಚ್ಚು ಜಾತಿಯ ಪ್ರಾಣಿಪಕ್ಷಿಗಳಾಗಿವೆ. ಕಟ್ಟು ಈ ಕಾಗದದ ಜೊತೆಗೇ ಬರುತ್ತದೆ.

ಟೆನುಕ್ ಎಂಬ ಪ್ರಾಣಿಯ ಚಿತ್ರವನ್ನು ಮೊದಲು ನೋಡಿರಿ. ಎಮ್ಮೆಯ ಕರುವಿನಷ್ಟು ಎತ್ತರ, ಮುಂದೆಲ್ಲ ಕಪ್ಪು, ಸೊಂಟದ ಸುತ್ತ ಯಾರೋ ಬಿಳಿ ಪಂಚೆ ಹೊದಿಸಿ ಓಡಿಹೋದಂತೆ. ಮೂಗು ಗಿಡ್ಡ ಸೊಂಡಿಲು. ನಡೆಯುತ್ತಾ ಅದನ್ನು ಎತ್ತಿ ಗಾಳಿಯನ್ನು ಮೂಸುತ್ತದೆ. ಅದರ ಮರಿ ಮಾತ್ರ ತಾಯಿಯ ಹಾಗಿಲ್ಲ, ನಮ್ಮ ಹಗರಿ ಹೊಳೆಯ ಉಸುಕಿನಲ್ಲಿ ಬೆಳೆಯುವ ಕಲ್ಲಂಗಡಿಗೆ ಕಾಲು ಬಂದಂತೆ ಮೈತುಂಬ ಪಟ್ಟೆ, ಚುಕ್ಕಿ. ಈ ಟೆನುಕ್ ನನಗೆ ಕಪಾಳಕ್ಕೆ ಹೊಡೆದು ಒಂದು ಪಾಠ ಕಲಿಸಿತು. ತೊರೆಯ ಆಚೆ ನಿಂತದ್ದನ್ನು ನೋಡಿ ಮನೆಗೆ ಬಂದು ಬರೆದೆ. ಕಾಲು ಬರೆಯುವಾಗ ಕೈ ತನ್ನಷ್ಟಕ್ಕೆ ತಾನೇ ಸೀಳುಗೊರಸು ಬರೆದುಬಿಟ್ಟಿತು. ಐವತ್ತು ವರ್ಷ ಎತ್ತಿನ ಗೊರಸನ್ನೇ ನೋಡಿದ ಕೈ, ಬೇರೆ ಏನು ಬರೆದೀತು? ಮರುದಿನ ಅನುಮಾನ ಬಂದು ತೊರೆಯ ಕೆಸರಿಗೆ ಹೋಗಿ ಹೆಜ್ಜೆ ನೋಡಿದೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರೇ! ಮೂರು ಕಡೆ ನೋಡಿದೆ, ಎಲ್ಲ ಕಡೆಯೂ ಹಾಗೆಯೇ. ಅಂದರೆ ಕಣ್ಣ ಮುಂದೆ ನಿಂತಿದ್ದ ಪ್ರಾಣಿಯನ್ನು ನಾನು ನೋಡಿರಲೇ ಇಲ್ಲ, ನನಗೆ ಮೊದಲೇ ಗೊತ್ತಿದ್ದ ಎತ್ತನ್ನು ನೋಡಿ ಬಂದಿದ್ದೆ. ಆ ತಪ್ಪು ಚಿತ್ರವನ್ನೂ ಹರಿಯದೆ ಕಟ್ಟಿನಲ್ಲಿ ಇಟ್ಟಿದ್ದೇನೆ, ಜಂಬವ್ವ ನಗಲಿ.

ಇನ್ನು ಕೊಂಬುಕೊಕ್ಕಿನ ಹಕ್ಕಿ. ಅದು ತಲೆಯ ಮೇಲೆ ಹಾರಿದರೆ, ಬಳ್ಳಾರಿ ಸ್ಟೇಷನ್ನಿನಿಂದ ಗಾಡಿ ಬಿಡುವಾಗ ಇಂಜಿನ್ನು ಏದುಸಿರು ಬಿಟ್ಟಂತೆ ರೆಕ್ಕೆಯ ಸದ್ದು. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲಿಗೆ ಮಣ್ಣು ಮೆತ್ತಿಕೊಂಡು, ಕೊಕ್ಕು ಹೊರಬರುವಷ್ಟೇ ಸಂದಿ ಬಿಡುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಆ ಸಂದಿಯಿಂದ ತಿನ್ನಿಸುತ್ತದೆ. ಇದನ್ನು ಹೇಳಿದಾಗ ಎಲ್ಲಮ್ಮ, ‘ಹಂಗ ಕೂರಿಸಿ ಉಣಿಸಾವ ಸಿಕ್ರ ನಾನೂ ಮಣ್ಣ ಮೆತ್ತಿಕೋತಿದ್ದೆ’ ಎಂದಳು. ನನ್ನ ಜೊತೆಗಾರ ಓಬಣ್ಣನಿಗೆ ಇದೆಲ್ಲ ತಮಾಷೆ. ಅವನು ಆದವಾನಿಯ ಕಡೆಯವನು, ಗಾಡಿ ಹೊಡೆಯುತ್ತಾನೆ, ಅರ್ಧ ತೆಲುಗು ಅರ್ಧ ಕನ್ನಡ. ನಾನು ರೂಢಿಯಂತೆ ಪ್ರತಿ ಪ್ರಾಣಿಯ ಚಿತ್ರದಲ್ಲೂ ಸುಳಿಯ ಗುರುತು ಹಾಕುವುದನ್ನು ನೋಡಿ, ‘ಏಮಯ್ಯಾ, ಮಂಗ್ಯಾಗೂ ಸುಳಿ ನೋಡಾಕತ್ತೀಯಲ್ಲೋ, ಯಾವ ಊರ ಮಂಗ್ಯಾನ ಮನಿಗೆ ಹೆಣ್ಣ ಕೊಡಾವ ಅದೀ?’ ಎಂದು ನಗುತ್ತಾನೆ. ಮೊದಲು ನಾನೂ ನಗುತ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ಆ ಮಾತು ಮುಳ್ಳಿನಂತೆ ಚುಚ್ಚಿತು.

ಈಗ ಆ ಮಂಗಗಳ ವಿಷಯಕ್ಕೇ ಬರುತ್ತೇನೆ. ಇಲ್ಲಿಯವರು ಊಂಕಾ ಎನ್ನುತ್ತಾರೆ. ಬಾಲವಿಲ್ಲ, ಕೈ ಮೊಣಕಾಲಿನ ಕೆಳಗೆ ಬರುವಷ್ಟು ಉದ್ದ, ಹಸ್ತ ಪಾದಗಳ ಮೇಲುಭಾಗ ಸುಣ್ಣ ಬಳಿದಂತೆ ಬಿಳಿ. ಗುಂಪು ಕಟ್ಟುವುದಿಲ್ಲ. ಒಂದು ಗಂಡು, ಒಂದು ಹೆಣ್ಣು, ಒಂದೋ ಎರಡೋ ಮರಿ, ಅಷ್ಟೇ ಸಂಸಾರ. ಬೆಳಗಿನ ಜಾವ ಹೆಣ್ಣು ಕೂಗು ಎತ್ತುತ್ತದೆ, ಮೇಲೆ ಮೇಲೆ ಏರುತ್ತಾ ಹೋಗುತ್ತದೆ, ಇನ್ನೇನು ಎದೆ ಒಡೆಯಿತು ಎನ್ನುವಾಗ ಗಂಡು ಸೊಲ್ಲು ಕೊಟ್ಟು ಕೆಳಗಿಳಿಸುತ್ತದೆ. ತೋಟ ಮುಗಿದು ಕಾಡು ಶುರುವಾಗುವಲ್ಲಿ ಒಂದು ದೊಡ್ಡ ಅತ್ತಿಯ ಜಾತಿಯ ಮರವಿದೆ. ನಾನು ಬಂದ ಮರುವರ್ಷದಿಂದ ಅಲ್ಲಿ ಒಂದೇ ಜೋಡಿ ಇದೆ. ಗಂಡು ಕಪ್ಪು, ಹೆಣ್ಣು ಒಣಗಿದ ಜೋಳದ ಸೊಪ್ಪೆಯ ಬಣ್ಣ. ಅದೇ ಜೋಡಿ ಎಂದು ಹೇಗೆ ಹೇಳುತ್ತೀ ಎಂದು ಕೇಳಬೇಡ. ಹೆಣ್ಣಿನ ಎಡಗೈಯ ಒಂದು ಬೆರಳು ಮೊಂಡು, ಗಂಡಿನ ಹುಬ್ಬಿನ ಮೇಲೆ ಗಾಯದ ಗೆರೆ. ಸಾವಿರ ಎತ್ತಿನಲ್ಲಿ ಒಂದನ್ನು ಗುರುತು ಹಿಡಿಯುವವನಿಗೆ ಇಷ್ಟು ಸಾಕು. ಒಂಬತ್ತು ವರ್ಷದಿಂದ ಅವು ಕೂಗುತ್ತಿವೆ. ಜಪಾನಿನವರು ಬಂದಾಗ ಕೂಗಿದವು. ತೋಟದ ಕೂಲಿಗಳನ್ನು ಸಯಾಮಿನ ರೈಲುಹಳಿಯ ಕೆಲಸಕ್ಕೆ ಒಯ್ದು, ಅರ್ಧ ಜನ ಹಿಂದಿರುಗದೆ ಹೋದಾಗಲೂ ಕೂಗಿದವು.

ನಿನ್ನ ಕಾಗದ ಬಂದ ಮೂರನೆಯ ದಿನ ಬೆಳಿಗ್ಗೆ ನಾನು ದಿಬ್ಬದ ಮೇಲೆ ಕುಳಿತಿದ್ದೆ. ಅಲ್ಲಿಂದ ಆ ಮರದ ಕೊಂಬೆ ಕಣ್ಣಿಗೆ ಸಮಕ್ಕೆ ಬರುತ್ತದೆ. ಹಳೆಯ ದೊರೆ ಜಪಾನಿನವರಿಗೆ ಹೆದರಿ ಓಡಿಹೋಗುವಾಗ ಬಿಟ್ಟುಹೋದ ದುರ್ಬೀನು ತೋಟದ ಕಾಂಪೌಂಡರನ ಬಳಿ ಇದೆ, ಬೇಡಿ ತಂದಿದ್ದೆ. ಹೆಣ್ಣು ನನಗೆ ಬೆನ್ನು ಮಾಡಿ ತಲೆ ಬಗ್ಗಿಸಿ ಕುಳಿತಿತ್ತು. ಗಂಡು ಅದರ ಪಕ್ಕದಲ್ಲಿ ಕುಳಿತು ಕತ್ತಿನ ಕೂದಲನ್ನು ಬಗೆದು ಬಗೆದು ನೋಡುತ್ತಿತ್ತು, ನೀನು ಜಂಬವ್ವನ ಹೇನು ನೋಡುವಾಗ ಕೂರುತ್ತಿದ್ದೆಯಲ್ಲ, ಥೇಟು ಹಾಗೆ. ಬಗೆದ ಕೂದಲಿನ ನಡುವೆ ನನಗೆ ಕಂಡಿತು. ಸುಳಿ. ಕೆಳಮುಖವಾಗಿ ತಿರುಗಿದ ಸುಳಿ, ಅದೇ ಜಾಗದಲ್ಲಿ. ಜೋಡಿಯನ್ನು ತಿನ್ನುವ ಸುಳಿ ಎಂದು ನಾನು ಬೆರಳಿಟ್ಟು ಹೇಳುತ್ತಿದ್ದ ಸುಳಿ. ಅದರ ಜೋಡಿಯೋ, ಅಲ್ಲೇ ಕುಳಿತು ಅದನ್ನು ಪ್ರೀತಿಯಿಂದ ಸರಿಮಾಡುತ್ತಿತ್ತು! ಬೆಳಕಿಗೆ ಮೋಸ ಹೋದೆನೋ ಎಂದು ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಟೆನುಕ್‌ನ ಕಾಲು ಕಲಿಸಿದ ಬುದ್ಧಿ. ಮೂರು ದಿನದ ಮೂರು ಚಿತ್ರಗಳೂ ಕಟ್ಟಿನಲ್ಲಿವೆ.

ಓಬಣ್ಣನಿಗೆ ತೋರಿಸಿದೆ. ಅವನು ಮೂರ್ಖನಲ್ಲ. ‘ಒಂದ ಮಂಗ್ಯಾ ನೋಡಿ ಶಾಸ್ತ್ರ ತಿರುಗಿಸ್ತೀಯೇನಪ್ಪಾ? ಎತ್ತಿನ ಮಾತು ಎತ್ತಿಗೆ ಕೇಳು’ ಎಂದ. ನ್ಯಾಯವಾದ ಮಾತು. ಅಂದು ಗಾಡಿಯ ಮೂಕಿಯ ಮೇಲೆ ಕುಳಿತು, ಅಂಥ ಸುಳಿಯ ಎತ್ತುಗಳನ್ನು ಜೀವಮಾನದಲ್ಲಿ ಎಷ್ಟು ನೋಡಿದ್ದೇನೆ, ಅವುಗಳ ಜೋಡಿ ಏನಾದವು ಎಂದು ನೆನಪು ಮಾಡಿಕೊಂಡೆ. ತಂಗಿ, ನಾಚಿಕೆಯಾಗುತ್ತದೆ. ಊರಲ್ಲಿ ಸಿಕ್ಕವು ಐದು. ಮೂರನ್ನು ಬೇಡವೆಂದು ಹೇಳಿ ಸಂತೆಯಲ್ಲಿ ಬಿಟ್ಟೆ, ಆಮೇಲೆ ಅವು ಎಲ್ಲಿ ಹೋದವು, ಜೋಡಿ ಏನಾಯಿತು, ನಾನು ಕೇಳಲೇ ಇಲ್ಲ. ನಾಲ್ಕನೆಯದು ಹಚ್ಚೊಳ್ಳಿಯ ಮರಿಬಸಪ್ಪನದು. ನಾನು ಬೇಡ ಎಂದರೂ ಕೊಂಡ, ಆರು ತಿಂಗಳಿಗೆ ಜೋಡಿ ಎತ್ತು ಹಾವು ಕಚ್ಚಿ ಸತ್ತಿತು. ನನ್ನ ಹೆಸರು ನಾಲ್ಕು ಊರಿಗೆ ಹಬ್ಬಿದ್ದೇ ಆ ಹಾವಿನಿಂದ. ಐದನೆಯದು ನಿಮ್ಮ ಕುರುಗೋಡಿನ ಜಡೆಪ್ಪನ ಬಿಳಿ ಎತ್ತು. ಅದೂ ಅದರ ಜೋಡಿಯೂ ಹಲ್ಲುದುರುವವರೆಗೆ ಒಂದೇ ನೊಗದಲ್ಲಿ ದುಡಿದು, ಒಂದೇ ಹುಣಸೆಮರದ ಕೆಳಗೆ ಮುದಿಯಾದವು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಯಾರೂ ನೆನೆಯಲೂ ಇಲ್ಲ. ಬದುಕಿ ಉಳಿದ ಎತ್ತಿನದೊಂದು ಕಥೆಯಾಗುತ್ತದೆಯೇ? ಇನ್ನು ಇಲ್ಲಿಗೆ ನಾನೇ ಆರಿಸಿ ತಂದ ಎತ್ತುಗಳು, ಎಲ್ಲವೂ ಬಲು ಶುಭವೆನ್ನುವ ರಾಜಸುಳಿಯವು. ಜಪಾನಿನ ಸಿಪಾಯಿಗಳು ಒಂದೂ ಬಿಡದೆ ಕಡಿದು ತಿಂದರು, ಅವರೇನೂ ಸುಳಿ ನೋಡಲಿಲ್ಲ.

ಈಗ ಸುತ್ತಿ ಬಂದ ದಾರಿ ನಿನ್ನ ಅಂಗಳಕ್ಕೆ ಮುಟ್ಟಿತು. ಜಂಬವ್ವನ ಕತ್ತಿನ ಬಗ್ಗೆ ನಾನು ಹೇಳಿದ್ದು ತಿಳಿದು ಹೇಳಿದ್ದಲ್ಲ. ಒಂದು ಹಾವು ಮಾಡಿದ್ದನ್ನು ಸುಳಿಯ ತಲೆಗೆ ಕಟ್ಟಿ, ಆ ಸುಳಿಯನ್ನು ಒಂದು ಮಗುವಿನ ತಲೆಗೆ ಕಟ್ಟಿದೆ. ನಾಲ್ಕು ಜನರ ಎದುರು ಆಡಿದ ಮಾತನ್ನು ನಾಲ್ಕು ಜನರ ಎದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಕಾಗದವನ್ನು ಮರಿಬಸಪ್ಪನ ಕೈಗೆ ಕೊಟ್ಟು ಸಿರುಗುಪ್ಪದ ಸಂತೆಯಲ್ಲಿ ಗಟ್ಟಿಯಾಗಿ ಓದಿಸು. ಅವನ ದನಿ ದೊಡ್ಡದು, ಅವನ ಎತ್ತಿನಿಂದಲೇ ಈ ಮಾತು ದೊಡ್ಡದಾದದ್ದು. ಕೊಳಗಲ್ಲಿನವರಿಗೂ ಕೇಳಿಸಲಿ. ಕೇಳಿ ಅವರು ತಿರುಗಿ ಬಂದರೆ, ಒಂದು ಸುಳಿಗೆ ಹೆದರುವ ಮನೆ ಬೇಕೋ ಬೇಡವೋ ಎಂದು ಮೊದಲು ಜಂಬವ್ವನನ್ನೇ ಕೇಳು. ಅವಳು ಬೇಡವೆಂದರೆ ಬೇಡ.

ಜಂಬವ್ವ, ಈ ಕಾಗದವನ್ನು ಅವ್ವನಿಗೆ ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ‘ಮಾವ, ನಾನೇನ ಎತ್ತೇನ?’ ಎಂದು ಅಂದು ಕೇಳಿದ್ದೆ. ಹತ್ತು ವರ್ಷ ತಡವಾಗಿ ಉತ್ತರ ಕೊಡುತ್ತಿದ್ದೇನೆ. ಅಲ್ಲ ಮಗಳೇ. ಚಿತ್ರಗಳೆಲ್ಲ ನಿನಗೆ. ಸುಳ್ಳು ಬರೆಯಬೇಡ ಎಂದು ನೀನು ಹೇಳಿದ್ದೆ, ಒಂದರಲ್ಲೂ ನಾನು ಬರೆದಿಲ್ಲ, ಆ ಸೀಳುಗೊರಸಿನದೊಂದನ್ನು ಬಿಟ್ಟು.

ಗಾಳೆಪ್ಪನವರಿಗೆ ನನ್ನ ಶರಣು. ಮನೆಯ ದನಕರುಗಳ ಮೈಯನ್ನು ನನ್ನ ಪರವಾಗಿ ಒಮ್ಮೆ ನೇವರಿಸು, ಸುಳಿ ನೋಡಬೇಡ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ, ನಿನ್ನ ಮೊಣಕಾಲು ಬೆಚ್ಚಗಿರಲಿ.

ನಿನ್ನ ಅಣ್ಣ,
ಉಚ್ಚೆಂಗೆಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ನಾಳೆಯ ಟಪಾಲಿಗೆ ಕಾಗದ ಒಯ್ಯುವ ತೋಟದ ಹುಡುಗ ಸೈಕಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಭಾನುವಾರ ಎಲ್ಲಮ್ಮ ನನ್ನ ತಲೆಗೆ ಎಣ್ಣೆ ತಿಕ್ಕುವ ದಿನ. ಈಗಷ್ಟೇ ಹಿಂದೆ ಕುಳಿತು ತಿಕ್ಕುತ್ತಿದ್ದಳು. ಊಂಕಾದ ಕತ್ತಿನ ಚಿತ್ರವನ್ನು ಹೆಗಲ ಮೇಲಿಂದ ತೋರಿಸಿದೆ. ನಗತೊಡಗಿದವಳು ನಿಲ್ಲಿಸಲೇ ಇಲ್ಲ, ಎಣ್ಣೆ ಬಟ್ಟಲು ಉರುಳಿತು. ಆಮೇಲೆ ನನ್ನ ಕೈಯನ್ನೇ ಹಿಡಿದು ನನ್ನ ಕತ್ತಿನ ಹಿಂದಕ್ಕೆ ಒಯ್ದು ಬೆರಳು ಇಡಿಸಿದಳು. ‘ನೋಡ್ರಿ ಶಾಸ್ತ್ರಿಗಳೇ. ನಿಮಗೂ ಅದಽ ಐತಿ. ನಲವತ್ತೊಂದ ವರ್ಷದಿಂದ ನೋಡಾಕತ್ತೀನಿ. ನಾ ಸತ್ತೀನೇನ?’ ಎಂದಳು. ಬೆರಳಿಗೆ ಸರಿಯಾಗಿ ತಿಳಿಯಿತು, ಕೆಳಮುಖ. ಓಬಣ್ಣನನ್ನೂ ಕರೆದು ತೋರಿಸಿದೆ, ಅವನು ಹೌದೆಂದು ಹೇಳಿ ನೆಲದ ಮೇಲೆ ಕುಳಿತುಬಿಟ್ಟ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ‘ಗಂಡಸರ ಸುಳಿ ಯಾರ ಕೇಳತಾರ? ಹೇಳಿದ್ರ ನಿಮ್ಮ ಹೆಸರ ಹೋಗತಿತ್ತು. ಆದ್ರ ಆ ಕೂಸಿಗೆ ಅಂದ ದಿನಾನಽ ಹೇಳಬೇಕಾಗಿತ್ತು, ಅದು ನಂದ ತಪ್ಪು, ಹಂಗಂತ ಬರೀರಿ’ ಎಂದು ಕಣ್ಣೊರೆಸಿಕೊಂಡಳು. ಮರಿಬಸಪ್ಪ ಬೇರೆ ಏನೂ ಓದದಿದ್ದರೂ ಇದಿಷ್ಟನ್ನು ಓದಲಿ. ಎಲ್ಲಮ್ಮನಿಗೆ ಓದುಬರಹ ಬಾರದೆಂದು ನಿಮಗೆಲ್ಲ ಗೊತ್ತು, ಅದಕ್ಕೇ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿದ್ದೇನೆ. ಜೋಡಿ ಉಳಿದಿದೆಯೇ ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಿರಿ. ಎಣ್ಣೆಗೈ, ಸ್ವಲ್ಪ ಹರಡಿದೆ.